ಬಾರಾಲಾಚಾದಲ್ಲಿ ಕೇಳಿದ ‘ಬರ್ತೇನಿ’

ನಮ್ಮ ಮನೆಯಲ್ಲಿ ದಿನವೂ ಬೆಳಿಗ್ಗೆ ಆರೂವರೆಗೆ ಕರ್ಪೂರ ಉರಿಯುತ್ತದೆ. ಮದುವೆಯಾದಾಗಿನಿಂದ ಉರಿಯುತ್ತಿದೆ, ಅದರ ವಾಸನೆ ಇದೆಯೆಂಬುದೇ ನನಗೆ ಮರೆತುಹೋಗಿತ್ತು. ನಾಲ್ಕು ವರ್ಷಗಳಿಂದ ಹಾಗಿಲ್ಲ. ಉರಿದ ಕರ್ಪೂರವನ್ನು ಈಗಲೂ ಸಹಿಸಬಲ್ಲೆ. ಆದರೆ ನನ್ನ ಹೆಂಡತಿ ಗಿರಿಜಾ ಡಬ್ಬಿಯ ಮುಚ್ಚಳ ತೆಗೆಯುವ ಆ ಒಂದು ಗಳಿಗೆ, ಉರಿಯುವ ಮೊದಲಿನ ಆ ತಣ್ಣನೆಯ ಹಸಿ ವಾಸನೆ, ಮೂಗಿನಿಂದ ನೇರ ಎದೆಗೆ ಇಳಿಯುತ್ತದೆ. ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ. ಅವಳು ನೋಡಿಯೂ ಏನೂ ಕೇಳುವುದಿಲ್ಲ. ಒಂದು ದಿನ ಮಾತ್ರ, “ಇನ್ನೂ ಆ ಗುಡ್ಡದಾಗ ಅದೀರೇನ್ರಿ?” ಎಂದಳು.

ಉತ್ತರವನ್ನು ಬರೆದೇ ಕೊಡಬೇಕಾಗಿ ಬಂದದ್ದು ಕಳೆದ ತಿಂಗಳು. ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಸೈಕಲ್ ಬಳಗ ಒಂದು ಸ್ಮರಣ ಸಂಚಿಕೆ ಹೊರತಂದಿತು. ಬಳಗದ ಮುಖ್ಯಸ್ಥ ದಂತವೈದ್ಯ ವಿನಯನ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆಗಿದೆ. ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದ. ನಾಲ್ಕು ವರ್ಷದ ಹಿಂದೆ ನಾವು ಹೋಗಿದ್ದ ಹಿಮಾಲಯದ ಪ್ರವಾಸದ ಬಗ್ಗೆ ಅವನೇ ಬರೆದ ಲೇಖನದ ನಡುವೆ ಒಂದು ವಾಕ್ಯ: ‘ಹಿರಿಯ ಸದಸ್ಯರೊಬ್ಬರು ಸಹಸವಾರನನ್ನು ದಾರಿಯಲ್ಲಿ ಬಿಟ್ಟು ಮುಂದುವರಿದ ಕಾರಣ ಅಹಿತಕರ ಘಟನೆಯೊಂದು ಸಂಭವಿಸಿತು.’ ಹೆಸರಿಲ್ಲ. ಹೋದ ಆರು ಜನರಲ್ಲಿ ಅರವತ್ತು ದಾಟಿದವನು ನಾನೊಬ್ಬನೇ ಆದ್ದರಿಂದ ಹೆಸರಿನ ಅಗತ್ಯವೂ ಇರಲಿಲ್ಲ.

ನಾನು ಭೂಮಾಪನ ಇಲಾಖೆಯಲ್ಲಿ ಮೋಜಣಿದಾರನಾಗಿ ಮೂವತ್ತನಾಲ್ಕು ವರ್ಷ ಸರಪಳಿ ಹಿಡಿದು ಹೊಲಗಳನ್ನು ಅಳೆದವನು. ಎರಡು ಹೊಲಗಳ ನಡುವಿನ ಬಾಂದಕಲ್ಲು ಒಂದು ಗೇಣು ಸರಿದರೂ ಎರಡು ಮನೆತನಗಳು ಹಾಳಾಗುತ್ತವೆಂದು ಬಲ್ಲೆ. ನನಗಾದ ಅವಮಾನಗಳನ್ನೂ ನಾನು ಹಾಗೆಯೇ, ನೆಟ್ಟ ಜಾಗದಿಂದ ಅಲುಗದಂತೆ ಇಟ್ಟುಕೊಂಡಿದ್ದೇನೆ. ಆ ವಾಕ್ಯ ಸುಳ್ಳೆಂದು ಸಾಧಿಸುವುದು ನನ್ನ ಉದ್ದೇಶವಾಗಿತ್ತು. ಅದಕ್ಕಾಗಿ ಆ ವರ್ಷವನ್ನು ಮೊದಲಿನಿಂದ ಅಳೆಯುತ್ತ ಬಂದೆ.

ಮೊದಲ ಕಲ್ಲು ನೆಟ್ಟದ್ದು ಕೆಲಗೇರಿ ಕೆರೆಯ ದಂಡೆಯ ಚಹಾದಂಗಡಿಯಲ್ಲಿ, ಸಂಕ್ರಾಂತಿ ಮುಗಿದ ಭಾನುವಾರ. ಹುಬ್ಬಳ್ಳಿಯಿಂದ ಸೈಕಲ್ ತುಳಿದು ಬಂದು ಕೂತಿದ್ದೆವು. ನನ್ನ ಗ್ಲಾಸಿನ ಅಂಚು ಒಡೆದಿತ್ತು. ಮನಾಲಿಯಿಂದ ಲೇಹ್‌ವರೆಗಿನ ರಸ್ತೆಯನ್ನು ಆ ವರ್ಷ ಸೈಕಲ್ಲಿನಲ್ಲಿ ದಾಟುವ ಪ್ರಸ್ತಾಪವನ್ನು ವಿನಯ ಮುಂದಿಟ್ಟ. ಸಾಲು ಸಾಲು ಘಟ್ಟಗಳ ರಸ್ತೆ. ಒಂದೊಂದೂ ಮೋಡಕ್ಕಿಂತ ಎತ್ತರ.

“ಕಾಕಾ, ನೀವೂ ಬರ್ರಿ ಮತ್ತ,” ಎಂದ. ನಾನು ಸಂತೋಷಪಡುವಷ್ಟರಲ್ಲಿ ಮುಂದುವರಿಸಿದ: “ಗಾಡ್ಯಾಗ ಕೂತು ಬರ್ರಿ. ಫೋಟೋ ತಗ್ಯಾಕ ಒಬ್ರು ಬೇಕಲ್ಲ.”

ಹತ್ತಿ ವ್ಯಾಪಾರದ ಅಣ್ಣತಮ್ಮಂದಿರಿಬ್ಬರು ನಕ್ಕರು. ಕಾಲೇಜಿನ ಉಪನ್ಯಾಸಕ ನಗದೆ ಚಹಾದೊಳಗೆ ನೋಡಿದ, ಅದೂ ನಗುವೇ.

“ಫೋಟೋ ಡ್ರೈವರ್ ತಗೀತಾನ,” ಎಂದೆ. “ನಾ ಸೈಕಲ್ ಮ್ಯಾಲೇ ಬರ್ತೇನಿ.”

“ಆತು ಆತು, ಸಿಟ್ಟಾಗಬ್ಯಾಡ್ರಿ ಕಾಕಾ. ಡಾಕ್ಟರ್ ಸರ್ಟಿಫಿಕೇಟ್ ಒಂದು ತರ್ರಿ.”

ಆ ಸರ್ಟಿಫಿಕೇಟನ್ನು ಉಳಿದ ಯಾರ ಹತ್ತಿರವೂ ಕೇಳಲಿಲ್ಲ. ಕಿರಿಯ ಹತ್ತಿ ವ್ಯಾಪಾರಿಗೆ ನನಗಿಂತ ಹೆಚ್ಚು ರಕ್ತದೊತ್ತಡವಿತ್ತು. ಮೂರನೆಯ ದಿನ ನಾನು ಅದನ್ನು ಎರಡು ಪ್ರತಿಗಳಲ್ಲಿ ಕೊಟ್ಟೆ.

ಆರನೆಯವನು ಬಾಬಾಜಾನ್. ಗೋಪನಕೊಪ್ಪದಲ್ಲಿ ಅವನ ಸೈಕಲ್ ದುರಸ್ತಿಯ ಅಂಗಡಿ. ಆಗ ಅವನಿಗೆ ಐವತ್ತೆರಡು. ತಿರುಗುವಾಗ ಗಾಲಿ ಓಲಾಡಿದರೆ ಅದಕ್ಕೆ ‘ಔಟ್ ಆಗೇತಿ’ ಎನ್ನುತ್ತಾರೆ. ಊರಲ್ಲಿ ಔಟ್ ತೆಗೆಯುವವರು ಬಹಳ. ಆದರೆ ಕಣ್ಣು ಮುಚ್ಚಿ, ಬೆರಳ ತುದಿಯಿಂದ ಒಂದೊಂದೇ ಸ್ಪೋಕ್ ಒತ್ತಿ, ಯಾವುದು ಸಡಿಲ ಯಾವುದು ಬಿಗಿ ಎಂದು ಹೇಳುವವನು ಅವನೊಬ್ಬನೇ. ವಿನಯನ ದುಬಾರಿ ಸೈಕಲ್ಲನ್ನೂ ಮುಟ್ಟಲು ಅವನಿಗೆ ಮಾತ್ರ ಅನುಮತಿಯಿತ್ತು. ಪ್ರವಾಸಕ್ಕೆ ಅವನನ್ನು ಕರೆದದ್ದು ದುರಸ್ತಿಗಾಗಿ. ತಾನೂ ತುಳಿಯುತ್ತೇನೆಂದು ಅವನೇ ಹಟ ಹಿಡಿದ. ತನ್ನ ಅಂಗಡಿಯಲ್ಲಿ ಉಳಿದ ಬಿಡಿಭಾಗಗಳಿಂದ ಒಂದು ಸೈಕಲ್ ಕಟ್ಟಿದ. ವಿನಯ ಒಪ್ಪಿದ, ಒಂದು ಷರತ್ತಿನ ಮೇಲೆ: ಯಾರ ಸೈಕಲ್ ಕೆಟ್ಟರೂ ಸಿಗುವಂತೆ ಬಾಬಾಜಾನ್ ಎಲ್ಲರಿಗಿಂತ ಹಿಂದೆ ಬರಬೇಕು. ಆ ಷರತ್ತನ್ನು ನಾನು ಆಗ ಕೇಳಿದೆ, ಸರಿಯೆಂದುಕೊಂಡೆ, ಮರೆತೆ. ಅದು ನನಗಾದ ಅವಮಾನವಾಗಿರಲಿಲ್ಲವಲ್ಲ.

ನನ್ನ ಹಳೆಯ ಉಕ್ಕಿನ ಸೈಕಲ್ಲನ್ನು ಅವನ ಅಂಗಡಿಗೆ ಒಯ್ದಾಗ ಅವನು ಅದರ ಸುತ್ತ ಒಂದು ಸುತ್ತು ಹಾಕಿದ.

“ಈ ವಯಸ್ಸಿನಾಗ ಆಗತೈತೇನೋ ಬಾಬಾಜಾನ್?” ಎಂದು ಕೇಳಿದೆ. ಬೇರೆ ಯಾರ ಮುಂದೆಯೂ ನಾನು ಈ ಪ್ರಶ್ನೆ ಕೇಳಿಲ್ಲ.

“ಸೈಕಲ್ ಯಾರ ವಯಸ್ಸೂ ಕೇಳೂದಿಲ್ರಿ ಸಾಹೇಬ್ರ. ಮಣಕಾಲ ಕೇಳ್ತೈತಿ. ಮಣಕಾಲಿಗೆ ನಾ ಒಂದ ಸಣ್ಣ ಗೇರ್ ಹಾಕಿ ಸಮಾಧಾನ ಮಾಡ್ತೇನಿ, ನೀವು ಎದಿ ನೋಡ್ಕೋರಿ.”

ಬೇಸಿಗೆಯಿಡೀ ನೃಪತುಂಗ ಬೆಟ್ಟವನ್ನು ಹತ್ತಿ ಇಳಿದೆ. ಒಂದು ಮುಂಜಾನೆಗೆ ಎಂಟು ಸಲ. ವಾಕಿಂಗಿಗೆ ಬಂದವರು ನಿಂತು ನೋಡುತ್ತಿದ್ದರು. ಮಳೆ ಹಿಡಿದ ಮೇಲೆ ಬಳಗವೆಲ್ಲ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಹತ್ತಿದೆವು. ಲಾರಿಗಳು ಎಬ್ಬಿಸುವ ಕೆಸರುನೀರು ಬಾಯಿಗೆ ಬರುತ್ತಿತ್ತು. ಅಲ್ಲಿ ನನಗೊಂದು ಸಂಗತಿ ಹೊಳೆಯಿತು. ನಾವು ಬಯಲುಸೀಮೆಯ ಮೇಲಿನವರು. ನಮ್ಮ ಕಾಲಿಗೆ ಘಟ್ಟವೆಂದರೆ ಮೊದಲು ಇಳಿಯುವುದು, ಆಮೇಲೆ ಮನೆಯ ಕಡೆಗೆ ಏರುವುದು. ಏರಿದಷ್ಟೂ ಮನೆ ಹತ್ತಿರವಾಗುತ್ತದೆ. ಹಿಮಾಲಯದಲ್ಲಿ ಲೆಕ್ಕ ತಿರುಗುಮುರುಗು. ಏರಿದಷ್ಟೂ ಮನೆ ದೂರ, ಗಾಳಿ ತೆಳುವು. ನಮ್ಮ ಕಾಲುಗಳು ಉಲ್ಟಾ ಪಾಠ ಕಲಿತಿದ್ದವು. ಇದನ್ನು ಹೇಳಿದಾಗ ವಿನಯ, “ಕಾಕಾ ಫಿಲಾಸಫಿ ಚಾಲೂ ಮಾಡಿದ್ರು,” ಎಂದ. ಬಾಬಾಜಾನ್ ಮಾತ್ರ ಸೈಕಲ್ ನಿಲ್ಲಿಸಿ, “ಹೌದಲ್ರಿ!” ಎಂದಿದ್ದ.

ಹೊರಡುವ ಹಿಂದಿನ ದಿನ ಗಿರಿಜಾ ಹಳೆಯ ಖಣದ ಬಟ್ಟೆಯಲ್ಲಿ ಎರಡು ಪುಟ್ಟ ಚೀಲ ಹೊಲಿದು ಕರ್ಪೂರ ತುಂಬಿದಳು. ಎತ್ತರದಲ್ಲಿ ಉಸಿರು ಕಟ್ಟಿದರೆ ಕರ್ಪೂರ ಮೂಸಬೇಕೆಂದು ಅವಳ ಅಕ್ಕ ಕೇದಾರಕ್ಕೆ ಹೋಗಿಬಂದು ಹೇಳಿದ್ದಳು. ವೈದ್ಯಶಾಸ್ತ್ರ ಇದನ್ನು ಒಪ್ಪುತ್ತದೆಯೋ ಇಲ್ಲವೋ ಗೊತ್ತಿಲ್ಲ. ಮೂಸಿದವನಿಗೆ ಧೈರ್ಯ ಬರುವುದು ಖಂಡಿತ.

“ಒಂದು ನಿಮಗ, ಒಂದು ಬಾಬಾಜಾನಗ,” ಎಂದಳು. “ಬಿಚ್ಚಿ ಇಟ್ರ ಹಾರಿ ಹೋಗ್ತೈತಿ. ಡಬ್ಬ್ಯಾಗ ಇಡ್ರಿ.”

ನನ್ನದನ್ನು ಸ್ಟೀಲಿನ ಸಣ್ಣ ಡಬ್ಬಿಯಲ್ಲಿಟ್ಟು ಅಂಗಿಯ ಒಳಜೇಬಿಗೆ ಹಾಕಿದೆ. ಬಾಬಾಜಾನ್ ತನ್ನದನ್ನು ಹ್ಯಾಂಡಲ್ಲಿಗೆ ಕಟ್ಟಿದ ಚೀಲದೊಳಗೆ ಹಾಗೇ ಎಸೆದ. ಡಬ್ಬಿಯಲ್ಲಿಡು ಎಂದು ಮನಾಲಿಯಲ್ಲಿ ಇನ್ನೊಮ್ಮೆ ಹೇಳಿದೆ. ಡಬ್ಬಿಯಲ್ಲಿ ಪಂಕ್ಚರಿನ ಸಾಮಾನು ಇದೆಯೆಂದ.

ಮನಾಲಿಯಲ್ಲಿ ತೆಗೆದ ಗುಂಪಿನ ಫೋಟೋದಲ್ಲಿ ನನ್ನ ಮೊಣಕೈ ಮಾತ್ರ ಇದೆ. ಅದನ್ನು ಇಲ್ಲಿ ಹೇಳಿ ಬಿಡುತ್ತೇನೆ.

ರೋಹ್ತಾಂಗ್ ಘಟ್ಟವನ್ನು ಎರಡನೆಯ ದಿನ ದಾಟಿದೆವು. ಮಂಜು, ಕೆಸರು, ಮೂಕ ಕುರಿಗಳ ಹಿಂಡು. ಹತ್ತುವಾಗ ಹತ್ತು ಎಣಿಸಿ ತುಳಿಯುವುದು, ಹತ್ತು ಎಣಿಸಿ ಉಸಿರಾಡುವುದು. ಮೊಳೆಯಂಥ ಚಳಿ ಕಿವಿಯೊಳಗೆ. ಆಚೆ ಬದಿ ಇಳಿಯುವಾಗ ಅಣ್ಣತಮ್ಮಂದಿರ ಬ್ರೇಕಿನ ರಬ್ಬರ್ ಸವೆದು ಲೋಹ ಕಿರಿಚತೊಡಗಿತು. ಬಾಬಾಜಾನ್ ತನ್ನಲ್ಲಿದ್ದ ಹೊಸ ರಬ್ಬರುಗಳನ್ನೆಲ್ಲ, ಸಾಲದ್ದಕ್ಕೆ ತನ್ನ ಸೈಕಲ್ಲಿನವನ್ನೂ ಬಿಚ್ಚಿ, ಅವರಿಗೆ ಹಾಕಿಕೊಟ್ಟ. ತನ್ನ ಸೈಕಲ್ಲಿಗೆ ಅವರ ಸವೆದವನ್ನೇ ತಿರುಗಿಸಿ ಹಾಕಿಕೊಂಡ. ಜಿಸ್ಪಾ ಎಂಬ ಊರಲ್ಲಿ ಒಂದು ದಿನ ವಿಶ್ರಾಂತಿ. ಅಂದು ಎಲ್ಲರೂ ಹೊಳೆಯ ದಂಡೆಯಲ್ಲಿ ಮಲಗಿದ್ದರೆ ಅವನು ಐದು ಸೈಕಲ್ಲುಗಳ ಚೈನು ತೊಳೆಯುತ್ತ ಕೂತಿದ್ದ. ತಣ್ಣೀರಲ್ಲಿ ಬೆರಳುಗಳು ಕೆಂಪಾಗಿದ್ದವು. ನಾನು ನನ್ನ ಸೈಕಲ್ಲನ್ನೂ ಅವನ ಮುಂದೆ ನಿಲ್ಲಿಸಿದ್ದೆ.

ಅಲ್ಲಿಂದ ಮುಂದಿನ ಘಟ್ಟ ಬಾರಾಲಾಚಾ. ಅದರ ಕೆಳಗಿನ ಜಿಂಗ್‌ಜಿಂಗ್‌ಬಾರ್ ಎಂಬಲ್ಲಿ ಗುಡಾರದಲ್ಲಿ ತಂಗಿದೆವು. ಸಂಜೆ ವಿನಯ ನಿಯಮ ಓದಿದ: ನಮ್ಮ ಸಾಮಾನು ಹೊತ್ತ ಗಾಡಿ ಮುಂದೆ ಹೋಗಿ ಘಟ್ಟದ ನೆತ್ತಿಯಲ್ಲಿ ಊಟ ತಯಾರಿಟ್ಟಿರುತ್ತದೆ, ಮಧ್ಯಾಹ್ನ ಒಂದೂವರೆಯೊಳಗೆ ನೆತ್ತಿ ಮುಟ್ಟದವರನ್ನು ಗಾಡಿ ಕೆಳಗಿಳಿದು ಬಂದು ಹತ್ತಿಸಿಕೊಳ್ಳುತ್ತದೆ, ಅವರು ಉಳಿದ ಪ್ರವಾಸವನ್ನು ಗಾಡಿಯಲ್ಲೇ ಮುಗಿಸಬೇಕು. ಓದುವಾಗ ಅವನು ನನ್ನನ್ನು ನೋಡಲಿಲ್ಲ. ನೋಡದಿರುವುದರಲ್ಲಿ ಎಷ್ಟು ಶ್ರಮವಿದೆಯೆಂಬುದನ್ನು ನಾನು ಗಮನಿಸಿದೆ. ಗಾಡಿ ಹಿಂದೆ ಇರಬೇಕು, ಮುಂದಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಕಾಕಾಗೆ ಗಾಡಿ ಬೇಕಾಗಿದೆ ಎನ್ನುತ್ತಾರೆಂದು ನುಂಗಿಕೊಂಡೆ.

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹತ್ತು ಗಂಟೆಗೆ ನಾಲ್ವರೂ ಕಣ್ಣಿಗೆ ಮರೆಯಾದರು. ನಾನು ಐದನೆಯವನು, ನನ್ನ ಹಿಂದೆ ನಿಯಮದಂತೆ ಬಾಬಾಜಾನ್. ರಸ್ತೆ ಕಲ್ಲುರಾಶಿಗಳ ನಡುವೆ ಮಡಚಿಕೊಂಡು ಏರುತ್ತಿತ್ತು. ಮೇಲಿನ ತಿರುವಿನಿಂದ ನೋಡಿದರೆ ಕೆಳಗಿನ ರಸ್ತೆ ಬಿಚ್ಚಿಬಿದ್ದ ಪೇಟದ ಹಾಗೆ ಕಾಣುತ್ತಿತ್ತು. ಹನ್ನೊಂದೂವರೆಗೆ ಪಡುವಣದಿಂದ ಮೋಡ ಬಂತು. ಹನ್ನೆರಡು ಹತ್ತಕ್ಕೆ, ನೆತ್ತಿಗೆ ಇನ್ನು ನಾಲ್ಕು ಕಿಲೋಮೀಟರು ಇರುವಾಗ, ಮುರಿದ ಕಿಲೋಮೀಟರ್ ಕಲ್ಲಿದ್ದ ಒಂದು ತಿರುವಿನಲ್ಲಿ, ಹಿಂದೆ ಸೈಕಲ್ ಸದ್ದು ನಿಂತಿತು. ತಿರುಗಿ ನೋಡಿದೆ. ಬಾಬಾಜಾನ್ ಇಳಿದು ಹ್ಯಾಂಡಲ್ಲಿನ ಮೇಲೆ ಹಣೆ ಊರಿ ನಿಂತಿದ್ದ. ನಾನು ಇಳಿದು ಅವನ ಬಳಿ ಹೋದೆ. ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು.

“ಏನಾತೋ?”

“ತಲಿ ಸಿಡ್ಯಾಕತ್ತೈತ್ರಿ. ಸ್ವಲ್ಪ ನಿಂತ್ರ ಛಲೋ ಆಗ್ತೈತಿ.”

“ಕರ್ಪೂರ ತಗಿ.”

ಅವನು ಚೀಲದೊಳಗೆ ಕೈ ಹಾಕಿ ಖಣದ ಗಂಟು ತೆಗೆದು ಹಿಚುಕಿದ. ಗಂಟು ಹಾಗೇ ಇತ್ತು. ಒಳಗೆ ಏನೂ ಇರಲಿಲ್ಲ. “ಎಲ್ಲಾ ಹಾರಿ ಹೋಗೇತ್ರಿ,” ಎಂದು ನಕ್ಕ.

“ಡಬ್ಬ್ಯಾಗ ಇಡು ಅಂತ ಹೇಳಿದ್ದೆ.”

“ಹೇಳಿದ್ರಿ.”

ನನ್ನ ಡಬ್ಬಿ ತೆರೆದು ನಾನೆರಡು ಸಲ ಉಸಿರೆಳೆದು ಅವನಿಗೆ ಕೊಟ್ಟೆ. ಅವನು ಕಣ್ಣು ಮುಚ್ಚಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನೀರು ಕುಡಿಯುವ ಹಾಗೆ ಮೂಸಿದ. ನಾನು ಗಡಿಯಾರ ನೋಡಿದೆ. ಅವನು ಕಣ್ಣು ತೆರೆದಾಗ ನಾನು ಗಡಿಯಾರ ನೋಡುತ್ತಿದ್ದುದನ್ನು ಕಂಡ.

“ನೀವು ನಡೀರಿ ಸಾಹೇಬ್ರ. ಒಂದೂವರಿ ಆತಂದ್ರ ನಿಮ್ಮನ್ನ ಗಾಡ್ಯಾಗ ಹಾಕ್ತಾರ. ಅಷ್ಟ ಸಾಕು ಡಾಕ್ಟ್ರಿಗೆ.” ಮತ್ತೆ ನಕ್ಕ. “ನಾ ಬರ್ತೇನ್ರಿ.”

ನಾನು ನಡೆದೆ. ಇಷ್ಟು ಸತ್ಯ.

ಕೊನೆಯ ನಾಲ್ಕು ಕಿಲೋಮೀಟರುಗಳ ಬಗ್ಗೆ ಹೆಚ್ಚು ಹೇಳಲಾರೆ. ಸೂರಜ್ ತಾಲ್ ಎಂಬ ಕೆರೆ ಬಲಕ್ಕೆ ಬಂತು. ನಮ್ಮ ಕೆಲಗೇರಿ ಕೆರೆಯ ಒಂದು ಮೂಲೆಯಷ್ಟಿರಬಹುದು, ಆದರೆ ಅಂಥ ನೀಲಿಯನ್ನು ನಾನು ಶಾಯಿ ದೌತಿಯಲ್ಲಿ ಮಾತ್ರ ಕಂಡಿದ್ದೆ. ಎರಡು ಕಡೆ ಇಳಿದು ಸೈಕಲ್ ತಳ್ಳಿದೆ. ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಣ್ಣದ ಧ್ವಜಗಳು ಪಟಪಟ ಹೊಡೆದುಕೊಳ್ಳುವ ನೆತ್ತಿಯಲ್ಲಿ ಕಾಲೂರಿದೆ. ಹತ್ತು ನಿಮಿಷ ಬಾಕಿ ಇದ್ದವು. ಡಬ್ಬಿ ತೆಗೆದು ಇನ್ನೊಮ್ಮೆ ಉಸಿರೆಳೆದೆ.

“ಕಾಕಾ! ಬಂದಬಿಟ್ರಲ್ಲ!” ಎಂದ ವಿನಯ. ಅವನ ಮುಖದಲ್ಲಿದ್ದದ್ದು ಸಂತೋಷವೆಂದು ಬರೆಯಲು ನನ್ನ ಕೈ ಬರುವುದಿಲ್ಲ. “ಬಾಬಾಜಾನ್ ಎಲ್ಲೆ?”

“ಹಿಂದ ಅದಾನ. ತಲಿನೋವು. ‘ನೀವು ನಡೀರಿ, ನಾ ಬರ್ತೇನಿ’ ಅಂದ.”

ಅರ್ಧ ಗಂಟೆ ಕಾದೆವು. ನಾವು ಬಂದ ಕಡೆಯ ಕಣಿವೆ ಕಪ್ಪಾಗಿ ಮುಚ್ಚಿಕೊಂಡಿತು. ಗಾಡಿಯ ಚಾಲಕ ಆ ಸೀಮೆಯವನು. ನಿಯಮದಂತೆ ಹಿಂದಕ್ಕೆ ಇಳಿಯಬೇಕಾಗಿದ್ದ ಗಾಡಿಯನ್ನು ಆ ಕಪ್ಪಿನೊಳಗೆ ಇಳಿಸಲು ಅವನು ಒಪ್ಪಲಿಲ್ಲ. ಈಗಿಂದೀಗ ಆಚೆ ಬದಿಗೆ ಇಳಿಯದಿದ್ದರೆ ಯಾರೂ ಇಳಿಯುವುದಿಲ್ಲ ಎಂದು ಹಿಂದಿಯಲ್ಲಿ ಕೂಗತೊಡಗಿದ. ಮೊದಲ ಆಲಿಕಲ್ಲುಗಳು ಗಾಡಿಯ ತಗಡಿನ ಮೇಲೆ ಬಿದ್ದವು.

“ಬರ್ತೇನಿ ಅಂದಾನಂದ್ರ ಬರ್ತಾನ, ತಡೀರಿ,” ಎಂದ ಹಿರಿಯ ಹತ್ತಿ ವ್ಯಾಪಾರಿ.

ವಿನಯ ನನ್ನ ಕಡೆ ತಿರುಗಿದ. “ಕಾಕಾ, ‘ಬರ್ತೇನಿ’ ಅಂದನೋ, ‘ನಿಮ್ಮ ಹಿಂದ ಬರ್ತೇನಿ’ ಅಂದನೋ?”

“ಬರ್ತೇನಿ ಅಂದ. ಅಷ್ಟ.”

“ಹಂಗಂದ್ರ ಹೋಗಿಬರ್ತೇನಿ ಅಂತ. ತಿರುಗಿ ಕೆಳಗ ಕ್ಯಾಂಪಿಗೆ ಇಳದಿರ್ತಾನ. ನಮ್ಮೂರಾಗ ಎದ್ದು ಹೋಗೂ ಮುಂದ ಯಾರರ ‘ಹೋಗ್ತೇನಿ’ ಅಂತಾರೇನು? ಅಲ್ರೀ ಕಾಕಾ?”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮನೆಯಿಂದ ಹೊರಡುವವನು ಹೋಗುತ್ತೇನೆ ಎನ್ನುವುದು ನಮ್ಮಲ್ಲಿ ಅಪಶಕುನ. ಹೋಗುವವನೂ ಬರ್ತೇನಿ ಎಂದೇ ಹೇಳಬೇಕು. ಒಂದೇ ಮಾತು, ಎರಡು ದಿಕ್ಕು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆ ಪ್ರವಾಸದಲ್ಲಿ ನನ್ನ ಅಭಿಪ್ರಾಯಕ್ಕಾಗಿ ಅವರು ಕಾದದ್ದು ಅದೊಂದೇ ಸಲ.

“ಹೌದು,” ಎಂದೆ. “ಇಳದಿರಬೇಕು.”

ಆಚೆ ಇಳಿದು ಸರ್ಚು ಎಂಬ ಬಯಲು ಸೇರಿದೆವು. ಫೋನು ನಡೆಯುವ ಜಾಗವಲ್ಲ. ರಾತ್ರಿಯೆಲ್ಲ ಹಿಮ ಬಿತ್ತು. ಬೆಳಗಾದ ಮೇಲೆ ಗಾಡಿಯನ್ನು ಹಿಂದಕ್ಕೆ ಕಳಿಸಲು ನಿರ್ಧಾರವಾಯಿತು. ನಾನು ಚಾಲಕನ ಪಕ್ಕ ಹತ್ತಿ ಕೂತೆ.

“ನೀವು ಯಾಕ ಕಾಕಾ? ಡ್ರೈವರ್ ಹೋಗ್ತಾನಲ್ಲ.”

“ಡ್ರೈವರ್‌ಗೆ ‘ಬರ್ತೇನಿ’ ಅಂದ್ರ ತಿಳಿಯೂದಿಲ್ಲ.”

ಐದು ಜನರಲ್ಲಿ ಹಿಂದೆ ಹೋದವನು ನಾನೊಬ್ಬನೇ. ಸಂಚಿಕೆಯ ಲೇಖನದಲ್ಲಿ ಈ ಸಂಗತಿ ಇಲ್ಲ. ಉಳಿದ ನಾಲ್ವರು ಗಾಡಿ ಮರಳುವತನಕ ಸರ್ಚುವಿನಲ್ಲಿ ಕಾದು, ಲೇಹ್ ಮುಟ್ಟಿ, ಊರಿಗೆ ಬಂದು ಶಾಲು ಹೊದಿಸಿಕೊಂಡರು. ನನ್ನ ಪ್ರವಾಸ ಮುಗಿದದ್ದು ಗಾಡಿಯಲ್ಲಿ ಕೂತು. ಚಹಾದಂಗಡಿಯಲ್ಲಿ ವಿನಯ ಹೇಳಿದ್ದ ಹಾಗೆಯೇ.

ಮುರಿದ ಕಿಲೋಮೀಟರ್ ಕಲ್ಲಿನ ತಿರುವಿನ ಹತ್ತಿರ ಬಂದಾಗ ಚಾಲಕನಿಗೆ ನಿಲ್ಲಿಸಲು ಹೇಳಿದೆ. ರಸ್ತೆ ಕೆಲಸದ ಕೂಲಿಗಳು ಡಾಂಬರಿನ ಪೀಪಾಯಿಗಳನ್ನು ಬಡಿದು ಚಪ್ಪಟೆ ಮಾಡಿ ಕಟ್ಟಿಕೊಂಡ ಒಂದು ಗುಡಿಸಲು ಸ್ವಲ್ಪ ಕೆಳಗಿತ್ತು. ಬಾಬಾಜಾನನ ಸೈಕಲ್ ಅದಕ್ಕೆ ಒರಗಿತ್ತು. ಹಿಂದಿನ ದಿನ ಮಧ್ಯಾಹ್ನ ಮೂರರ ಮೇಲೆ, ಆಲಿಕಲ್ಲು ನಿಂತಾಗ, ಕೂಲಿಗಳು ಹೊರಬಂದು ನೋಡಿದರೆ ರಸ್ತೆಯ ನಡುವೆ ಒಬ್ಬ ಕೂತಿದ್ದನಂತೆ. ಹೊತ್ತು ತಂದು ಬೆಂಕಿಯ ಹತ್ತಿರ ಮಲಗಿಸಿದರು. ಬೆಳಗಾಗುತ್ತಲೇ ಮಿಲಿಟರಿ ಲಾರಿಯೊಂದರಲ್ಲಿ ಕೇಲಾಂಗಿನ ಆಸ್ಪತ್ರೆಗೆ ಕಳಿಸಿದ್ದರು.

ಎಲ್ಲಿ ಕೂತಿದ್ದ, ತೋರಿಸು ಎಂದೆ. ಮೋಜಣಿದಾರನ ಚಟ. ಮೇಲಕ್ಕೆ ಎಷ್ಟು ದೂರ ಬಂದಿದ್ದ, ಕೆಳಕ್ಕೆ ಎಷ್ಟು ದೂರ ಇಳಿದಿದ್ದ ಎಂಬುದು ತಿಳಿದರೆ ಮಾತಿನ ದಿಕ್ಕು ತಿಳಿಯುತ್ತಿತ್ತು. ಕೂಲಿಯವನು ನನ್ನನ್ನು ಕರೆದೊಯ್ದು ಮುರಿದ ಕಲ್ಲಿನ ಮೇಲೆ ಕೈಯಿಟ್ಟ. ಇಲ್ಲಿಯೇ ಎಂದ. ಬಾಬಾಜಾನ್ ಬಂದೂ ಇರಲಿಲ್ಲ, ಹೋಗಿಯೂ ಇರಲಿಲ್ಲ.

ಹೊರಡುವಾಗ ಆ ಮನುಷ್ಯ ಹಿಂದಿಯಲ್ಲಿ ಒಂದು ಪ್ರಶ್ನೆ ಕೇಳಿದ. ರಾತ್ರಿಯಿಡೀ ಬಾಬಾಜಾನ್ ಯಾರನ್ನೋ ಕರೆಯುತ್ತಿದ್ದನಂತೆ. “ಬರ್ತೇನ್ರಿ ಅಂದರೆ ಯಾರು? ಅವನ ಮಗನೇ?”

ನನಗೆ ಹಿಂದಿ ಚೆನ್ನಾಗಿ ಬರುತ್ತದೆ. ಗಾಡಿ ಹತ್ತಿ ಕೂತೆ.

ಕೇಲಾಂಗಿನಲ್ಲಿ ಅವನು ಎಚ್ಚರವಾಗಿದ್ದ. ನನ್ನನ್ನು ಕಂಡು, “ಗಾಡ್ಯಾಗ ಹಾಕಿದ್ರೇನ್ರಿ ನಿಮ್ಮನ್ನ?” ಎಂದು ಕೇಳಿದ. ಮೆದುಳಿಗೆ ನೀರು ತುಂಬುತ್ತಿತ್ತು, ಉಳಿದದ್ದು ಪುಣ್ಯ ಎಂದರು ವೈದ್ಯರು. ಉಳಿಯದಿದ್ದದ್ದು ಬೆರಳುಗಳ ಸ್ಪರ್ಶ. ಒದ್ದೆ ಕೈಗವಸಿನಲ್ಲಿ ಮೂರು ತಾಸು ಕೂತವನ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಬಣ್ಣ ಮರಳಿತು, ಚಲನೆ ಮರಳಿತು. ಮುಟ್ಟಿದ್ದು ತಿಳಿಯುವ ಶಕ್ತಿ ಮರಳಲಿಲ್ಲ. ಊರಿಗೆ ಮರಳುವ ರೈಲಿನಲ್ಲಿ ಅವನ ಅಂಗಿಯ ಗುಂಡಿ ನಾನು ಹಾಕಿದೆ. ಅವನು ಕಿಟಕಿಯಾಚೆ ನೋಡುತ್ತ ಸಹಿಸಿದ. ಆ ಮಾತಿನ ಬಗ್ಗೆ ಕೇಳಲು ಮೂರು ದಿನ ಸಮಯವಿತ್ತು. ನಾನು ಕೇಳಲಿಲ್ಲ.

ಮನೆಗೆ ಬಂದ ಮೇಲೆ ಗಿರಿಜಾ ಬಟ್ಟೆ ಒಗೆಯುವಾಗ ಒಳಜೇಬಿನಿಂದ ಡಬ್ಬಿ ತೆಗೆದಳು. ಖಣದ ಗಂಟು ಇನ್ನೂ ಅರ್ಧ ತುಂಬಿತ್ತು. “ನಿಮ್ಮದ ಅರ್ಧ ಉಳದೈತಲ್ರಿ,” ಎಂದಳು. ಬಾಬಾಜಾನನ ಸುದ್ದಿ ಅವಳಿಗೆ ಅಷ್ಟರಲ್ಲಿ ತಿಳಿದಿತ್ತು. ಡಬ್ಬಿಯನ್ನು ದೇವರ ಕೋಣೆಯ ಮಾಡದಲ್ಲಿಟ್ಟು ಒಳಗೆ ಹೋದಳು.

ಇಷ್ಟನ್ನೂ ಅಳೆದು, ಕಳೆದ ತಿಂಗಳು ಸಂಚಿಕೆ ಬಂದ ಮೇಲೆ ಬಾಬಾಜಾನನ ಹೆಸರಿನಲ್ಲಿ ಒಂದು ಹೇಳಿಕೆ ಬರೆದೆ. ‘ನಾನು ಕ್ಯಾಂಪಿಗೆ ಹಿಂದಿರುಗುವ ಉದ್ದೇಶದಿಂದಲೇ “ಬರ್ತೇನಿ” ಎಂದು ಹೇಳಿದೆನು. ಹಿರಿಯರು ನನ್ನನ್ನು ಬಿಟ್ಟು ಹೋದರೆಂಬುದು ಸತ್ಯಕ್ಕೆ ದೂರ.’ ಕೆಳಗೆ ಸಹಿಗೆ ಜಾಗ. ಎರಡು ಪ್ರತಿ. ಬಾಬಾಜಾನ್ ಸಹಿ ಹಾಕಿದರೆ ಒಂದು ವಿನಯನಿಗೆ, ಒಂದು ನನಗೆ.

ಗೋಪನಕೊಪ್ಪದ ಅಂಗಡಿಯಲ್ಲಿ ಬಾಬಾಜಾನ್ ಒಂದು ಗಾಲಿಯನ್ನು ಮುಂದಿಟ್ಟುಕೊಂಡು ಸ್ಪೋಕುಗಳನ್ನು ತಂಬೂರಿಯ ತಂತಿಗಳಂತೆ ಮೀಟುತ್ತ ಕಿವಿಗೊಟ್ಟು ಕೇಳುತ್ತಿದ್ದ. ಬೆರಳು ಹೇಳದ್ದನ್ನು ಈಗ ಅವನು ಕಿವಿಯಿಂದ ಕೇಳಿ ತಿಳಿಯುತ್ತಾನೆ. ಮೊದಲು ಗಾಲಿಯೊಂದಕ್ಕೆ ಹತ್ತು ನಿಮಿಷ ಸಾಕಾಗುತ್ತಿತ್ತು. ಈಗ ಒಂದು ತಾಸು ಬೇಕು. ರಸ್ತೆಯಲ್ಲಿ ಆಟೋ ಹೋದರೆ ನಿಲ್ಲಿಸಿ ಕಾಯುತ್ತಾನೆ.

“ಬರ್ರಿ ಸಾಹೇಬ್ರ, ಕುಂದರ್ರಿ. ಏನ್ರಿ ಕಾಗದಾ?”

“ಓದು.”

“ಚಷ್ಮಾ ಮನ್ಯಾಗೈತಿ. ನೀವ ಓದ್ರಿ.”

ಓದಿದೆ. ಅವನು ನಕ್ಕ. “ಪಂಚನಾಮಿ ಇದ್ದಂಗೈತಲ್ರಿ! ನಾ ಇನ್ನೂ ಸತ್ತಿಲ್ಲ.”

“ಚಾಷ್ಟಿ ಬಿಡು. ನೀ ಹಂಗ ಅಂದದ್ದು ಖರೇ ಹೌದಲ್ಲ?”

“ಅಂದಿದ್ನಿ.”

“ಯಾವ ಅರ್ಥದಾಗ ಅಂದಿ?”

ಅವನು ಒಂದು ಸ್ಪೋಕ್ ಮೀಟಿದ. “ತಲಿ ಸಿಡ್ಯಾಕತ್ತಿತ್ತು. ಬಾಯಿಗೆ ರೂಢಿ ಮಾತು ಬಂತು. ನನಗ ಆಗ ಮ್ಯಾಲ ಯಾವುದು ಕೆಳಗ ಯಾವುದು ತಿಳೀತಿರಲಿಲ್ರಿ. ನಿಮಗ ಯಾವ ಅರ್ಥ ಬೇಕಾಗೇತಿ, ಅದನ್ನ ಬರಕೋರಿ. ಎಲ್ಲೆ ಸಹಿ ಮಾಡ್ಲಿ?”

ಪೆನ್ನು ಕೊಟ್ಟೆ. ಅವನು ಅದನ್ನು ಹಿಡಿದು, ಹಿಡಿದಿದ್ದೇನೆಯೇ ಎಂದು ಬೆರಳುಗಳನ್ನು ನೋಡಿಕೊಂಡ. ಕಾಗದದ ಮೇಲೆ ಬಾಗಿದ. ಮೊದಲ ಅಕ್ಷರದ ಗೆರೆ ಡೊಂಕಾಗಿ ಹೊರಟಿತು.

“ತಡಿ,” ಎಂದೆ.

ನಾಲ್ಕು ವರ್ಷದ ಅಳತೆಯಲ್ಲಿ ನಾನು ಒಂದು ಕಲ್ಲು ಬಿಟ್ಟಿದ್ದೆ. ಈ ಬರಹದಲ್ಲೂ ಮೇಲೆ ಬಿಟ್ಟೆ. ಆ ತಿರುವಿನಲ್ಲಿ ಅವನು ‘ನಾ ಬರ್ತೇನ್ರಿ’ ಎಂದಾಗ ಡಬ್ಬಿ ಅವನ ಕೈಯಲ್ಲಿತ್ತು. ನಾನು ಕೈ ಚಾಚಿದೆ. ಅವನು ಒಂದು ಕ್ಷಣ ತಡೆದು ಕೊಟ್ಟ. ನಾನು ಮುಚ್ಚಳ ಹಾಕಿ ಒಳಜೇಬಿನಲ್ಲಿಟ್ಟು ಸೈಕಲ್ ಹತ್ತಿದೆ. ಅವನು ನನ್ನ ಹಿಂದೆಯೇ ಬರುತ್ತಾನೆಂದು ನಾನು ನಂಬಿದ್ದರೆ ಅದನ್ನು ಅವನಲ್ಲೇ ಬಿಡುತ್ತಿದ್ದೆ, ನೆತ್ತಿಯಲ್ಲಿ ಇಸಿದುಕೊಳ್ಳಬಹುದಿತ್ತು. ಕೆಳಗಿಳಿದು ಹೋಗುತ್ತಾನೆಂದು ನಂಬಿದ್ದರೆ, ಒಬ್ಬನೇ ಹೋಗುವವನಿಗೆ ಅದು ನನಗಿಂತ ಹೆಚ್ಚು ಬೇಕಿತ್ತು. ಎರಡು ಅರ್ಥಗಳಲ್ಲಿ ಯಾವುದನ್ನು ಹಿಡಿದರೂ ಡಬ್ಬಿ ನನ್ನ ಜೇಬಿಗೆ ಬರುವ ದಾರಿಯಿಲ್ಲ. ನಾನು ಅವನ ಮಾತನ್ನು ಯಾವ ಅರ್ಥದಲ್ಲೂ ಕೇಳಿರಲಿಲ್ಲ. ಗಡಿಯಾರವನ್ನು ಕೇಳುತ್ತಿದ್ದೆ.

“ಕರ್ಪೂರದ ಡಬ್ಬಿ,” ಎಂದೆ. “ನಿನ್ನ ಕೈಯಾಗಿಂದ ನಾ ವಾಪಸ್ ಇಸಗೊಂಡೆ.”

ಬಾಬಾಜಾನ್ ಪೆನ್ನು ಕೆಳಗಿಟ್ಟ. ಗಾಲಿಯನ್ನು ಒಮ್ಮೆ ತಿರುಗಿಸಿಬಿಟ್ಟ. ಅದು ಎಲ್ಲೋ ಒಂದು ಕಡೆ ಸ್ವಲ್ಪ ಓಲುತ್ತ ತಿರುಗಿತು.

“ಅದು ನನಗ ನೆನಪೈತ್ರಿ,” ಎಂದ.

“ಯಾರಿಗೂ ಹೇಳಲಿಲ್ಲಲ್ಲ?”

“ಏನಂತ ಹೇಳ್ಲಿ? ನಿಮ್ಮ ಡಬ್ಬಿ. ನೀವು ತಗೊಂಡ್ರಿ.”

ಅವಮಾನಗಳನ್ನು ಮರೆಯದವನು ಈ ಅವಳಿ ಊರಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ನನ್ನೆದುರು ಕೂತವನು ಒಂದನ್ನು ನಾಲ್ಕು ವರ್ಷ ಇಟ್ಟುಕೊಂಡಿದ್ದ. ನನ್ನ ಸೈಕಲ್ಲಿಗೆ ಅವನೇ ಎಣ್ಣೆ ಹಾಕಿದ್ದ. ಹಬ್ಬಕ್ಕೆ ಸುರಕುಂಬಾ ಪಾಯಸ ತಪ್ಪದೆ ಮನೆಗೆ ಕಳಿಸಿದ್ದ.

ಕಾಗದಗಳನ್ನು ಮಡಚಿದೆ. ಒಂದು ಡೊಂಕು ಗೆರೆಯಿದ್ದದ್ದು, ಒಂದು ಖಾಲಿಯದು. ವಿನಯನ ವಾಕ್ಯ ಹೇಗಿತ್ತೋ ಹಾಗೆಯೇ ಸಂಚಿಕೆಯಲ್ಲಿರುತ್ತದೆ. ಅದರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಯಬೇಕಾದ ಕಾರಣವೂ ಇಲ್ಲ. ಅವನಿಗೆ ಆ ವಾಕ್ಯ ಬರೆಯುವ ಹಕ್ಕಿರಲಿಲ್ಲ. ಹಕ್ಕಿದ್ದವನು ಬರೆಯಲಿಲ್ಲ.

ಎದ್ದು ಚಪ್ಪಲಿ ಮೆಟ್ಟಿ ಹೊಸ್ತಿಲಿಗೆ ಬಂದೆ. ನಮ್ಮ ಊರಲ್ಲಿ ಎದ್ದು ಹೋಗುವವನು ಹೇಳಬೇಕಾದ ಮಾತು ಒಂದೇ. ಆ ‘ಬರ್ತೇನಿ’ಯನ್ನು ನಾನು ಹೇಳಲಿಲ್ಲ. ಬಾಬಾಜಾನ್ ತಲೆಯೆತ್ತದೆ, ಇನ್ನೊಂದು ಸ್ಪೋಕ್ ಮೀಟಿ, ಅದರ ಸದ್ದು ಅಡಗುವತನಕ ಕೇಳಿ ಹೇಳಿದ:

“ಬರ್ರಿ, ಸಾಹೇಬ್ರ.”

ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವಾಗಲೂ ನಾವು ಇದನ್ನೇ ಹೇಳುತ್ತೇವೆ, ಕಳಿಸಿಕೊಡುವಾಗಲೂ ಇದನ್ನೇ. ನಾನು ಹೊಸ್ತಿಲ ಮೇಲೆ ನಿಂತಿದ್ದೆ.